ಬೀಗ ತೆರೆಯದ ಫೋನು: ಶಿರಸಿ ಕಡೆಯ ಒಂದು ಮನೆಯ ಪ್ರಕರಣ

ದೊಡ್ಡಪ್ಪನ ಮಗ ತೀರಿಹೋದದ್ದು 2024ರ ಜುಲೈ ಕೊನೆಯಲ್ಲಿ. ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಗಿದ್ದ ದಿನಗಳು. ಕಾರವಾರದ ನೆಂಟರು ಯಲ್ಲಾಪುರ ಸುತ್ತಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಣ್ಣನಿಗೆ 47 ವರ್ಷ. ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲ ಮದ್ದು ಹೊಡೆಸಬೇಕೆಂದು, ಮರ ಹತ್ತುವ ಕೊನೆಗೌಡನಿಗೆ ಫೋನ್ ಹಚ್ಚಲು ಹೊರಟವನು ಜಗಲಿಯಲ್ಲೇ ಕುಸಿದ. ಪಿಯುಸಿ ಓದುತ್ತಿದ್ದ ಮಗಳು ಓಡಿಬಂದು, ಕೈಯಿಂದ ಜಾರಿದ ಫೋನನ್ನು ಎತ್ತಿ ಕಿಟಕಿಯಲ್ಲಿಟ್ಟಳು. ಆಗ ಪರದೆ ಬೆಳಗುತ್ತಿತ್ತು. ಅರ್ಧ ನಿಮಿಷಕ್ಕೆ ಆರಿತು. ಆ ಫೋನಿನ ಬೀಗ ಇವತ್ತಿಗೂ ತೆರೆದಿಲ್ಲ.

ನಾನು ಶಿರಸಿಯಲ್ಲಿ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವ ಕೆಲಸದವನು. ಸತ್ತವರ ಕಾಗದಪತ್ರ ನನಗೆ ಹೊಸತಲ್ಲ. ಪೌತಿ ಖಾತೆ, ವಂಶವೃಕ್ಷ, ಸೊಸೈಟಿ ಶೇರಿನ ವರ್ಗಾವಣೆ, ಎಲ್ಲ ಬಾಯಿಪಾಠ. ಹಾಗಿದ್ದೂ ಈ ಮನೆಯಲ್ಲಿ ನಾನೇ ಎಡವಿದೆ. ಅತ್ತಿಗೆಯ ಒಪ್ಪಿಗೆ ಕೇಳಿ, ಗುರುತು ಹತ್ತದ ಹಾಗೆ ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಟ್ರಂಕೂ ಮೊಬೈಲೂ

2011ರಲ್ಲಿ ದೊಡ್ಡಪ್ಪ ಹೋದಾಗ ಅವರ ಹಸಿರು ಟ್ರಂಕೊಂದನ್ನು ನಡುಮನೆಗೆ ತಂದು ಬಿಚ್ಚಿದ್ದೆವು. ಪಹಣಿ, ಕಂದಾಯದ ರಶೀದಿ, ಎಲ್‌ಐಸಿ ಬಾಂಡು, ಅಡಿಕೆ ವಿಕ್ರಿಯ ಪಟ್ಟಿ, ಯಾರಿಗೋ ಕೈಗಡ ಕೊಟ್ಟ ಚೀಟಿ ಎಲ್ಲ ಅದರೊಳಗಿದ್ದವು. ಒಂದು ಸಂಜೆಯಲ್ಲಿ ಅವರ ಇಡೀ ವ್ಯವಹಾರ ಚಾಪೆಯ ಮೇಲೆ ಹರಡಿತ್ತು.

ಮಗನದ್ದು ಹಾಗಲ್ಲ. 2005ರಿಂದ 2020ರವರೆಗೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದವನು, ಕೊರೋನಾ ಕಾಲದಲ್ಲಿ ಊರಿಗೆ ಬಂದು ಇಲ್ಲೇ ಉಳಿದ. ಎರಡು ಎಕರೆ ತೋಟ, ಅದರಲ್ಲೇ ಕಾಳುಮೆಣಸು, ಮೇಲೆ ಎರಡು ಕೋಣೆಯ ಹೋಮ್‌ಸ್ಟೇ, ಜೊತೆಗೆ ಫೈಬರ್ ಹಾಕಿಸಿಕೊಂಡು ಅಷ್ಟಿಷ್ಟು ಕಂಪ್ಯೂಟರ್ ಕೆಲಸ. ಹದಿಮೂರನೇ ದಿನದ ಊಟ ಮುಗಿದ ಮೇಲೆ ಅತ್ತಿಗೆಯನ್ನು ಕೇಳಿದೆ: ಏನೇನಿದೆ?

"ಎಂಗೆ ಎಂತೂ ಗೊತ್ತಿಲ್ಲೆ ತಮ್ಮಾ. ಎಲ್ಲ ಇವ್ರ ಮೊಬೈಲಲ್ಲೇ ಇತ್ತು."

ಒಂದು ಹಾಳೆಯೂ ಸಿಗಲಿಲ್ಲ. ಪರಿಸರಕ್ಕೆ ಒಳ್ಳೆಯದೆಂದು ಎಲ್ಲ ಕಡೆ ಕಾಗದ ಬೇಡ ಎಂದು ಬರೆದುಕೊಟ್ಟಿದ್ದನಂತೆ. ಕಪಾಟಿನಲ್ಲಿ ಸಿಕ್ಕಿದ್ದು ಆಧಾರ್, ಪ್ಯಾನ್ ಕಾರ್ಡು ಮತ್ತು ಅರ್ಧ ಮುದ್ರಣವಾದ ಒಂದು ಬ್ಯಾಂಕ್ ಪಾಸ್‌ಬುಕ್.

ಪಾಸ್‌ಬುಕ್ಕಿನ ಎರಡು ಸಾಲು

ಊಟಕ್ಕೆ ಬಂದಿದ್ದವರೊಬ್ಬರು ಅತ್ತಿಗೆಗೆ ಗುಟ್ಟಾಗಿ ಬುದ್ಧಿ ಹೇಳಿ ಹೋಗಿದ್ದರು: "ಬ್ಯಾಂಕಿನವ್ಕೆ ಹೇಳೂದ್ರೊಳಗೆ ಎಟಿಎಮ್ಮಲ್ಲಿ ತೆಕ್ಕಂಬುಡಿ." ನಮ್ಮ ಕಡೆ ಸತ್ತ ಮನೆಗೆ ಬಂದವರು ಕಷಾಯದ ಜೊತೆ ಕೊಟ್ಟು ಹೋಗುವ ಸಲಹೆ ಇದು. ನಾನು ಬೇಡವೆಂದೆ. ಮನುಷ್ಯ ಹೋದ ಗಳಿಗೆಯಿಂದ ಆ ದುಡ್ಡು ವಾರಸುದಾರರದ್ದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಇಲ್ಲಿ ಮೊದಲ ದರ್ಜೆಯ ವಾರಸುದಾರರು ಹೆಂಡತಿ, ಮಗಳು ಮತ್ತು ತಾಯಿ. ತಾಯಿಗೂ ಸಮಪಾಲು ಎಂಬುದು ಬಹಳ ಜನರಿಗೆ ಗೊತ್ತೇ ಇಲ್ಲ. ನಾಮಿನಿ ಎಂದು ಹೆಸರಿರುವವರು ದುಡ್ಡನ್ನು ಬ್ಯಾಂಕಿನಿಂದ ಪಡೆಯಬಹುದೇ ಹೊರತು ಅಷ್ಟಕ್ಕೇ ಒಡೆಯರಾಗುವುದಿಲ್ಲ; ವಾರಸುದಾರರ ಪರವಾಗಿ ಹಿಡಿದುಕೊಂಡಿರುತ್ತಾರೆ, ಅಷ್ಟೇ. ಈ ಮನೆಯಲ್ಲಿ ಜಗಳ ಇರಲಿಲ್ಲ. ಆದರೆ ಸತ್ತವನ ಪಿನ್ ಒತ್ತಿ ತೆಗೆದ ದುಡ್ಡು ಎಷ್ಟೋ ಮನೆಗಳಲ್ಲಿ ಮುಂದೆ ಜಗಳವಾದದ್ದನ್ನು ನಾನು ಕಂಡಿದ್ದೇನೆ.

ಪಾಸ್‌ಬುಕ್ಕನ್ನು ಬ್ಯಾಂಕಿಗೊಯ್ದು ಪೂರ್ತಿ ಮುದ್ರಣ ಮಾಡಿಸಿದೆವು. ಅತ್ತಿಗೆ ಬೆರಳಿಟ್ಟು ಓದುತ್ತಾ ಬಂದರು. 2024ರ ಮೇ ಕೊನೆಯಲ್ಲಿ ಎರಡು ಸಣ್ಣ ಖರ್ಚು: 436 ರೂಪಾಯಿ, 20 ರೂಪಾಯಿ. "ಇದೆಂತದು, ಬ್ಯಾಂಕಿನವ್ರು ಕಡ್ಕಂಡಿದ್ದ?" ಎಂದು ಕೇಳಿದರು. 436 ಎಂದರೆ ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆ. ಯಾವ ಕಾರಣದಿಂದ ಸತ್ತರೂ 2 ಲಕ್ಷ. 20 ಎಂದರೆ ಸುರಕ್ಷಾ ವಿಮೆ. ಅದು ಅಪಘಾತಕ್ಕೆ ಮಾತ್ರ, ಹೃದಯಾಘಾತಕ್ಕೆ ಬರುವುದಿಲ್ಲ. ಎರಡಕ್ಕೂ ಬಾಂಡಿಲ್ಲ, ಕಾರ್ಡಿಲ್ಲ. ಅಣ್ಣ ಎಂದೋ ಒಮ್ಮೆ ಒಪ್ಪಿಗೆ ಕೊಟ್ಟು ಮರೆತಿರಬೇಕು. ಆ ಒಂದು ಸಾಲು ಕಣ್ಣಿಗೆ ಬೀಳದಿದ್ದರೆ 2 ಲಕ್ಷ ಯಾರೂ ಕೇಳದೆ ಹೋಗುತ್ತಿತ್ತು. ಅಂದಿನಿಂದ ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಪಾಸ್‌ಬುಕ್ಕಿನ ಮೇ ತಿಂಗಳು.

ಅದೇ ಪುಟಗಳಲ್ಲಿ ಪ್ರತಿ ತಿಂಗಳು 7ಕ್ಕೆ ಒಂದೇ ಮೊತ್ತ ಹೋಗಿದ್ದು ಕಂಡಿತು. ಮ್ಯೂಚುವಲ್ ಫಂಡಿನ ಎಸ್‌ಐಪಿ, ಅಂದರೆ ತಿಂಗಳ ಕಂತು, ಎಂದು ಅಂದಾಜಾಯಿತು.

ಬೆಟ್ಟದ ಮೇಲಿನ ಒಟಿಪಿ

ಎಡವಿದ್ದು ಇಲ್ಲಿ. ಮರಣ ಪ್ರಮಾಣಪತ್ರ ಕೈಗೆ ಬಂದದ್ದೇ ತಡ, ಶಿಸ್ತಿನ ಮನುಷ್ಯನ ಹಾಗೆ ಅತ್ತಿಗೆಯನ್ನು ಕರೆದುಕೊಂಡು ಹೋಗಿ ಬ್ಯಾಂಕಿಗೆ ಕೊಟ್ಟೆ. ಖಾತೆ ನಿಂತಿತು. ಖಾತೆಯ ಜೊತೆಗೆ ಅದಕ್ಕೆ ಜೋತುಬಿದ್ದದ್ದೆಲ್ಲ ನಿಂತಿತು. ಕರೆಂಟು ಬಿಲ್ಲು, ಫೈಬರ್ ಬಿಲ್ಲು, ಕೊನೆಗೆ ಸಿಮ್ಮಿನ ರೀಚಾರ್ಜು ಕೂಡ ಅದೇ ಖಾತೆಯಿಂದ ತನ್ನಷ್ಟಕ್ಕೆ ಹೋಗುವ ಹಾಗೆ ಅಣ್ಣ ಮಾಡಿಟ್ಟಿದ್ದ.

ಅಷ್ಟರಲ್ಲಿ ನಾವು ಸಿಮ್ಮನ್ನು ಅವನ ಫೋನಿನಿಂದ ತೆಗೆದು ಅತ್ತಿಗೆಯ ಹಳೆಯ ಕೀಪ್ಯಾಡ್ ಫೋನಿಗೆ ಹಾಕಿದ್ದೆವು. ಫೋನಿನ ಬೀಗ ಬೇರೆ, ಸಿಮ್ಮಿನ ಬೀಗ ಬೇರೆ. ಸಿಮ್ಮಿಗೆ ಅವನು ಪಿನ್ ಇಟ್ಟಿರಲಿಲ್ಲ. ಇ-ಸಿಮ್ ಆಗಿದ್ದರೆ ಈ ದಾರಿಯೂ ಇರುತ್ತಿರಲಿಲ್ಲ.

ಆ ಮನೆ ಇರುವುದು ಕಣಿವೆಯಲ್ಲಿ. ಸಿಗ್ನಲ್ ಬೇಕೆಂದರೆ ಕೊಟ್ಟಿಗೆಯ ಹಿಂದಿನಿಂದ ಸೊಪ್ಪಿನ ಬೆಟ್ಟ ಹತ್ತಬೇಕು. ಹೀಗಾಗಿ ಲ್ಯಾಪ್‌ಟಾಪ್ ಎದುರು ನಾನು, ಬೆಟ್ಟದ ತಲೆಯಲ್ಲಿ ಕೊಡೆ ಹಿಡಿದು ಮಗಳು, ನಡುವೆ ಅಂಗಳದಲ್ಲಿ ಅತ್ತಿಗೆ. ನಾನು ಗುಂಡಿ ಒತ್ತಿ "ಬಂತಾ?" ಎಂದು ಕೂಗುವುದು, ಅತ್ತಿಗೆ ಅದನ್ನು ಮೇಲಕ್ಕೆ ದಾಟಿಸುವುದು, ಮೇಲಿನಿಂದ "ಇಲ್ಲೆ" ಎಂದು ಕೇಳುವುದು. ಮೊದಲ ವಾರ ನಾಲ್ಕು ಸಲಕ್ಕೊಮ್ಮೆ ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಮಳೆಗೆ ಟವರ್ ಹೋಗಿದೆ, ಡೀಸೆಲ್ ಇಲ್ಲ, ನಾಳೆ ನೋಡೋಣ ಎಂದು ಹನ್ನೊಂದು ದಿನ ಕಳೆದೆವು. ನೆಟ್‌ವರ್ಕಿಗೆ ಬೈದು ಬೈದು ರೂಢಿಯಾಗಿ, ರೀಚಾರ್ಜು ಮುಗಿದಿರಬಹುದು ಎಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹನ್ನೆರಡನೇ ದಿನ ನಾನು ಶಿರಸಿಯಲ್ಲಿ ಕೂತು ಆ ನಂಬರಿಗೆ ಕರೆ ಮಾಡಿದಾಗ ಗೊತ್ತಾಯಿತು. ಅಂಗಡಿಯಲ್ಲಿ ದುಡ್ಡು ಕಟ್ಟಿದೆ, ಜೀವ ಬಂತು.

ಇನ್ನೂ ಕೆಲವು ತಿಂಗಳು ಹಾಗೇ ಬಿಟ್ಟಿದ್ದರೆ ನಂಬರೇ ಹೋಗುತ್ತಿತ್ತು. ಬಳಕೆಯಿಲ್ಲದೆ ಬಂದಾದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಗಳು ಬೇರೆಯವರಿಗೆ ಕೊಡಬಹುದು. ಬ್ಯಾಂಕು, ಇಮೇಲು, ಆಧಾರ್ ಎಲ್ಲಕ್ಕೂ ಕೀಲಿಯಾಗಿದ್ದ ಹತ್ತು ಅಂಕಿ ಯಾರೋ ಅಪರಿಚಿತರ ಜೇಬಿಗೆ ಬೀಳುತ್ತದೆ. ಈಗ ಆ ನಂಬರು ಅತ್ತಿಗೆಯ ಹೆಸರಿಗಾಗಿದೆ. ಮರಣ ಪ್ರಮಾಣಪತ್ರ, ಸಂಬಂಧದ ದಾಖಲೆ, ಅವರ ಆಧಾರ್ ಇಷ್ಟರಲ್ಲಿ ಆಯಿತು. ಬ್ಯಾಂಕಿಗೆ ಹೋಗುವ ಮೊದಲು ಮಾಡಬೇಕಿದ್ದ ಕೆಲಸ ಅದು: ಸಿಮ್ಮಿಗೆ ಒಂದು ವರ್ಷದ ರೀಚಾರ್ಜು.

ಲ್ಯಾಪ್‌ಟಾಪಿನಲ್ಲಿ ತೆರೆದಿದ್ದ ಬಾಗಿಲು

ಲ್ಯಾಪ್‌ಟಾಪಿನ ಪಿನ್ ಮಗಳಿಗೆ ಗೊತ್ತಿತ್ತು, ಆನ್‌ಲೈನ್ ಕ್ಲಾಸಿನ ಕಾಲದ್ದು. ಬ್ರೌಸರ್ ತೆರೆದರೆ ಅಣ್ಣನ ಜಿಮೇಲ್ ತೆರೆದೇ ಇತ್ತು. ಒಬ್ಬನ ಪತ್ರಗಳನ್ನು ಅವನಿಲ್ಲದಾಗ ಓದುವುದು ಸರಿಯೇ? ಗೂಗಲ್ ಅಂತೂ ಸತ್ತವರ ಪಾಸ್‌ವರ್ಡನ್ನು ಮನೆಯವರಿಗೆ ಕೊಡುವುದಿಲ್ಲ ಎಂದೇ ಹೇಳುತ್ತದೆ. ನಾವು ಮಾಡಿದ್ದು ಸರಿ ಎಂದು ನಾನು ವಾದಿಸುವುದಿಲ್ಲ. ಅತ್ತಿಗೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇನ್‌ಬಾಕ್ಸನ್ನು ಕೆಳಗಿಳಿಸದೆ, ಹುಡುಕುವ ಪೆಟ್ಟಿಗೆಯಲ್ಲಿ ಕೆಲವೇ ಪದ ಹೊಡೆದೆ: ಫೋಲಿಯೋ (ಫಂಡಿನ ಖಾತೆ), ಡಿಮ್ಯಾಟ್ (ಶೇರಿನ ಖಾತೆ), ಪಾಲಿಸಿ, ಯುಎಎನ್ (ಪಿಎಫ್ ಸಂಖ್ಯೆ), ರಿನ್ಯೂವಲ್.

ಶೇರುಗಳ ಲೆಕ್ಕ ಇಡುವ ಡಿಪಾಸಿಟರಿಯಿಂದ ಬರುವ ಒಟ್ಟು ಹೂಡಿಕೆಯ ಪಟ್ಟಿ ಸಿಕ್ಕಿತು. ಶೇರು, ಮ್ಯೂಚುವಲ್ ಫಂಡು ಎರಡೂ ಒಂದರಲ್ಲೇ. ಆ ಪಿಡಿಎಫ್ ಪಾಸ್‌ವರ್ಡ್ ಕೇಳುತ್ತದೆ. ಅದು ಪ್ಯಾನ್ ಸಂಖ್ಯೆಯೇ, ದೊಡ್ಡ ಅಕ್ಷರದಲ್ಲಿ. ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್, ಅದರ ಪಿಡಿಎಫ್‌ಗೆ ಪ್ಯಾನ್ ಸಣ್ಣ ಅಕ್ಷರದಲ್ಲಿ, ಜೊತೆಗೆ ಹುಟ್ಟಿದ ತಾರೀಕು. ಈ ದೊಡ್ಡದು ಸಣ್ಣದು ಗೊತ್ತಿಲ್ಲದೆ ಮಕ್ಕಳು ಅಪ್ಪನ ಪಾಸ್‌ವರ್ಡ್ ಏನಿರಬಹುದೆಂದು ರಾತ್ರಿಯೆಲ್ಲ ತಲೆ ಕೆಡಿಸಿಕೊಳ್ಳುತ್ತಾರೆ.

ಆದರೆ ಎಐಎಸ್ ನೋಡಲು ಅವನ ಇಮೇಲು ಬೇಕಾಗಲಿಲ್ಲ. ರಿಟರ್ನ್ ತುಂಬುವ ಕೊನೆಯ ದಿನ ಜುಲೈ 31 ಸೂತಕದಲ್ಲೇ ಕಳೆದುಹೋಗಿತ್ತು. ಸತ್ತವರ ರಿಟರ್ನನ್ನು ವಾರಸುದಾರರು ತುಂಬಲೇಬೇಕು. ಇ-ಫೈಲಿಂಗ್ ಪೋರ್ಟಲ್ಲಿನಲ್ಲಿ ಅತ್ತಿಗೆ ತಮ್ಮ ಲಾಗಿನ್ನಿನಿಂದಲೇ ಕಾನೂನುಬದ್ಧ ವಾರಸುದಾರರೆಂದು ನೋಂದಾಯಿಸಿದರು. ಮರಣ ಪ್ರಮಾಣಪತ್ರ, ಅಣ್ಣನ ಪ್ಯಾನ್, ನಾಡಕಚೇರಿಯಿಂದ ತಂದ ಬದುಕುಳಿದ ಕುಟುಂಬ ಸದಸ್ಯರ ದೃಢೀಕರಣ, ಒಂದು ಮುಚ್ಚಳಿಕೆ. ಒಪ್ಪಿಗೆ ಬಂದ ಮೇಲೆ ಅವನ ಎಐಎಸ್ ಇವರಿಗೆ ಕಂಡಿತು. ಯಾವ ಬ್ಯಾಂಕು ಬಡ್ಡಿ ಕೊಟ್ಟಿದೆ, ಯಾವ ಕಂಪನಿ ಲಾಭಾಂಶ ಕೊಟ್ಟಿದೆ, ಎಲ್ಲ ಹೆಸರು ಸಮೇತ. ನಮಗೆ ಗೊತ್ತೇ ಇರದ ಬೆಂಗಳೂರಿನ ಇನ್ನೊಂದು ಬ್ಯಾಂಕ್ ಖಾತೆ ಅಲ್ಲಿ ಸಿಕ್ಕಿತು. 312 ರೂಪಾಯಿಯ ಒಂದು ವಿಚಿತ್ರ ಟಿಡಿಎಸ್ (ಮೊದಲೇ ಮುರಿದುಕೊಂಡ ತೆರಿಗೆ) ಕೂಡ ಇತ್ತು, ಕ್ರಿಪ್ಟೊ ಮಾರಿದ್ದಕ್ಕೆ. ಅದಕ್ಕೆ ಶೇ 1ರಂತೆ ಕಡಿಯುವುದರಿಂದ ಅವನು ಮಾರಿದ್ದು 31,200ರಷ್ಟು ಎಂದು ಲೆಕ್ಕ ಸಿಕ್ಕಿತು. ಉಳಿದದ್ದು ಸಾವಿರದ ಲೆಕ್ಕದಲ್ಲಿತ್ತು, ಬಂತು.

ಡಿಮ್ಯಾಟ್ ಕಾಡಿಸಿತು. ನಾಮಿನಿ ಬೇಕೋ ಬೇಡವೋ ಹೇಳಿ ಎಂದು ಕಡ್ಡಾಯ ಮಾಡಿದ್ದ ಕಾಲದಲ್ಲಿ ಅಣ್ಣ 'ಬೇಡ' ಒತ್ತಿ ಮುಂದೆ ಹೋಗಿದ್ದ. ಹೆಸರು ತುಂಬಲು ಎರಡು ನಿಮಿಷ, ಬೇಡ ಎನ್ನಲು ಎರಡು ಸೆಕೆಂಡು. ಮೊತ್ತ 15 ಲಕ್ಷದೊಳಗಿದ್ದುದರಿಂದ ಕೋರ್ಟಿನ ಉತ್ತರಾಧಿಕಾರ ಪತ್ರ ಬೇಕಾಗಲಿಲ್ಲ. ಆದರೆ ಅಫಿಡವಿಟ್ಟು, ಮುಚ್ಚಳಿಕೆ, ಉಳಿದ ವಾರಸುದಾರರ ಆಕ್ಷೇಪವಿಲ್ಲದ ಪತ್ರ ಬೇಕಾಯಿತು. ಮಗಳಿಗೆ ಆಗ 17. ಜನವರಿಯಲ್ಲಿ 18 ತುಂಬುವ ತನಕ ಕಾದೆವು. ನೋಟರಿಯ ಎದುರು ದೊಡ್ಡಾಯಿ, ಅಂದರೆ ಅಣ್ಣನ ತಾಯಿ, ಪೆನ್ನು ಹಿಡಿದು ಕೇಳಿದರು:

"ಎಂತದಕ್ಕೆ ಸಹಿ?"

"ಶೇರು, ದೊಡ್ಡಾಯಿ."

"ಸೊಸೈಟಿ ಶೇರನ?"

"ಅಲ್ಲ, ಕಂಪನಿಯದ್ದು."

"ಯಾವ ಊರಿನ ಕಂಪನಿ?" ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಸಹಿ ಹಾಕಿ ಕೊಟ್ಟರು.

ಎಲ್ಲಕ್ಕಿಂತ ದೊಡ್ಡದು ಸಿಕ್ಕಿದ್ದು ಯುಎಎನ್ ಎಂದು ಹೊಡೆದಾಗ. 2020ರಲ್ಲಿ ಕೆಲಸ ಬಿಟ್ಟಾಗ ಬಂದ ಪತ್ರದಲ್ಲಿ ಪಿಎಫ್ ಸಂಖ್ಯೆ ಇತ್ತು. ಅಣ್ಣ ದುಡ್ಡು ತೆಗೆದೇ ಇರಲಿಲ್ಲ. 2005ರಲ್ಲಿ ಕೆಲಸಕ್ಕೆ ಸೇರುವಾಗ ಕಾಗದದಲ್ಲಿ ತಾಯಿಯನ್ನು ನಾಮಿನಿ ಮಾಡಿದ್ದ, ಮರುವರ್ಷ ಮದುವೆ. ಪಿಎಫ್ ನಿಯಮದಲ್ಲಿ ಮದುವೆಗೆ ಮುಂಚಿನ ನಾಮಿನಿ ಮದುವೆಯಾದೊಡನೆ ರದ್ದು. ಆಮೇಲೆ ಆನ್‌ಲೈನಿನಲ್ಲಿ ಹೊಸದು ತುಂಬಿರಲಿಲ್ಲ. ಹಾಗಾಗಿ ಮೂವರಿಗೂ ಸಮಪಾಲಾಯಿತು, ದೊಡ್ಡಾಯಿಯ ಪಾಲು ಅವರ ಖಾತೆಗೇ ಬಂತು. ಕೆಲಸದಲ್ಲಿದ್ದಾಗ ಸತ್ತಿದ್ದರೆ ಬರಬಹುದಾಗಿದ್ದ 7 ಲಕ್ಷದವರೆಗಿನ ವಿಮೆ ಇವರಿಗಿಲ್ಲ. ಆದರೆ ಹತ್ತು ವರ್ಷಕ್ಕಿಂತ ಹೆಚ್ಚು ಸೇವೆ ಆಗಿ, 58 ತುಂಬುವ ಮೊದಲೇ ತೀರಿಕೊಂಡದ್ದರಿಂದ ಅತ್ತಿಗೆಗೆ ಜೀವನಪೂರ್ತಿ ವಿಧವಾ ಪಿಂಚಣಿ, ಮಗಳಿಗೆ 25 ವರ್ಷದವರೆಗೆ ಅದರ ಕಾಲುಭಾಗ. ತಿಂಗಳಿಗೆ ಕಡಿಮೆಯೆಂದರೂ 1,000 ಎಂಬ ಮಿತಿ ಇದೆ, ಇವರಿಗೆ ಅದಕ್ಕಿಂತ ಜಾಸ್ತಿ ಬರುತ್ತಿದೆ. ಕೆಲಸ ಬಿಟ್ಟು ನಾಲ್ಕು ವರ್ಷವಾದ ಮೇಲೂ ಪಿಂಚಣಿ ಬರುತ್ತದೆಂದು ನಮ್ಮ ಊರಲ್ಲಿ ಯಾರೂ ನಂಬಲಿಲ್ಲ.

ಹೋಮ್‌ಸ್ಟೇಯ ವೆಬ್‌ಸೈಟ್ ಹೆಸರು ನವೀಕರಿಸದೆ ಹೋಯಿತು. ಫೇಸ್‌ಬುಕ್ಕನ್ನು ಸ್ಮರಣೆಯ ಖಾತೆ ಮಾಡಿಸಿದೆವು. ಅಷ್ಟೇ.

ದುಡ್ಡಿಗೆ ಕಾಗದ, ಫೋಟೋಗೆ?

ಈ ಆರೇಳು ತಿಂಗಳ ಓಡಾಟದಲ್ಲಿ ನನಗೆ ತಡವಾಗಿ ಕಂಡದ್ದು ಒಂದಿದೆ. ದುಡ್ಡಿನ ಯಾವ ಬಾಗಿಲನ್ನೂ ನಾವು ಪಾಸ್‌ವರ್ಡಿನಿಂದ ತೆರೆಯಲಿಲ್ಲ. ಇದೆ ಎಂದು ಗೊತ್ತಾದರೆ ಸಾಕಿತ್ತು. ಆಮೇಲೆ ಮರಣ ಪ್ರಮಾಣಪತ್ರ, ಸಂಬಂಧದ ದಾಖಲೆ, ಸಹಿ ಇವೇ ತೆರೆಸಿದವು. ಮನೆಯವರು ಮಾತ್ರ ಪಾಸ್‌ವರ್ಡ್ ಪಾಸ್‌ವರ್ಡ್ ಎಂದು ಅದಕ್ಕೇ ಅಳುತ್ತಾರೆ. ಪಾಸ್‌ವರ್ಡ್ ನಿಜವಾಗಿ ಬೇಕಾದದ್ದು ದುಡ್ಡಿಲ್ಲದ ಕಡೆ: ಫೋಟೋ, ವಿಡಿಯೋ, ಧ್ವನಿ. ಸತ್ತವರ ಇಮೇಲು, ಫೋಟೋ ಯಾರಿಗೆ ಸೇರಬೇಕೆಂದು ಹೇಳುವ ಪ್ರತ್ಯೇಕ ಕಾಯಿದೆ ನಮ್ಮಲ್ಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ 14ನೇ ಕಲಮಿನಲ್ಲಿ, ತನ್ನ ನಂತರ ತನ್ನ ಹಕ್ಕು ಚಲಾಯಿಸಲು ಒಬ್ಬರನ್ನು ನೇಮಿಸಬಹುದು ಎಂಬ ಮಾತಿದೆ. ನೇಮಿಸದೆ ಹೋದವರ ಮನೆಯವರಿಗೆ ಅದರಿಂದ ಏನೂ ಇಲ್ಲ.

ಗೂಗಲ್ಲಿಗೆ ಏರಿದ್ದ ಹಳೆಯ ಫೋಟೋಗಳನ್ನು ಲ್ಯಾಪ್‌ಟಾಪಿನಿಂದ ಇಳಿಸಿಕೊಂಡೆವು. ಬೆಂಗಳೂರಿನ ಕಾಲದ್ದೆಲ್ಲ ಇದೆ. 2022ರ ಮಳೆಗಾಲಕ್ಕೆ ನಿಂತುಬಿಟ್ಟಿದೆ. ಕಾರಣ ಸುಲಭ: ಜಾಗ ತುಂಬಿತ್ತು, ಊರಿನ ನೆಟ್ ಎಳೆಯುತ್ತಿರಲಿಲ್ಲ, ಅಣ್ಣ ಬ್ಯಾಕಪ್ ನಿಲ್ಲಿಸಿದ್ದ. ಕೊನೆಯ ಎರಡು ವರ್ಷದ್ದು ಫೋನಿನಲ್ಲೇ ಇದೆ. ದೊಡ್ಡಾಯಿ ಅಪ್ಪೆಮಿಡಿ ಉಪ್ಪಿಗೆ ಹಾಕುವಾಗ ಹಾಡಿದ ಹಾಡು, ಮಗಳ ಭರತನಾಟ್ಯ, ಹೋಮ್‌ಸ್ಟೇಗೆ ಬಂದವರಿಗೆ ತೋಟ ತೋರಿಸುವ ಅವನದೇ ದನಿ.

ಶಿರಸಿಯ ಒಂದು ಮೊಬೈಲ್ ಅಂಗಡಿಗೆ ಒಯ್ದರೆ ಹುಡುಗ ಎರಡು ಸಲ ತಿರುಗಿಸಿ ನೋಡಿ, "ಫ್ಲಾಶ್ ಮಾಡಿಕೊಡ್ತೇನೆ ಸರ್, ಅರ್ಧ ಗಂಟೆ ಕೆಲಸ" ಅಂದ. ಅವನ ಮಟ್ಟಿಗೆ ಫೋನ್ ತೆರೆಯುವುದೆಂದರೆ ಅದೇ. ಒಳಗಿರುವುದನ್ನು ಪೂರ್ತಿ ಒರೆಸಿ, ಡಬ್ಬಿ ಮಾತ್ರ ವಾಪಸು ಕೊಡುವುದು. ಅತ್ತಿಗೆ ಹೂಂ ಎನ್ನುವಷ್ಟರಲ್ಲಿ ನಾನು ಫೋನ್ ಕಿತ್ತುಕೊಂಡೆ. ಈಗಿನ ಆಂಡ್ರಾಯ್ಡ್ ಫೋನುಗಳಲ್ಲಿ ಕಡತಗಳು ಗೂಢಲಿಪಿಯಲ್ಲಿರುತ್ತವೆ. ಮೆಮರಿ ಬಿಚ್ಚಿದರೂ ಓದಲು ಆಗುವುದಿಲ್ಲ.

ಅತ್ತಿಗೆಯ ನೋಟ್‌ಬುಕ್

ಅತ್ತಿಗೆ ಈಗ 200 ಪುಟದ ನೋಟ್‌ಬುಕ್ ಒಂದನ್ನು ಗಾಡ್ರೇಜ್ ಕಪಾಟಿನಲ್ಲಿ ಇಟ್ಟಿದ್ದಾರೆ. ಯಾವ ಬ್ಯಾಂಕು, ಯಾವ ವಿಮೆ, ಯಾವ ನಂಬರು ಯಾವುದಕ್ಕೆ ಸೇರಿದೆ, ನಾಮಿನಿ ಯಾರು, ಏನೇನು ತನ್ನಷ್ಟಕ್ಕೆ ಕಡಿತವಾಗುತ್ತದೆ, ಅಷ್ಟೂ. ಪಾಸ್‌ವರ್ಡ್ ಅದರಲ್ಲಿಲ್ಲ. ಫೋನಿನ ಪ್ಯಾಟರ್ನು ಮತ್ತು ಇಮೇಲಿನ ಪಾಸ್‌ವರ್ಡ್ ಮಾತ್ರ ಅಂಟಿಸಿದ ಲಕೋಟೆಯಲ್ಲಿ, ಅವರ ತವರಿನ ಅಣ್ಣನ ಹತ್ತಿರ. ಬದಲಾಯಿಸಿದಾಗ ಹೊಸ ಲಕೋಟೆ. ಅವರ ಗೂಗಲ್ ಖಾತೆಯಲ್ಲಿ 'ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್' ಹಾಕಿಕೊಟ್ಟೆ. 2013ರಿಂದ ಇರುವ ಸೌಲಭ್ಯ, ನಾನೇ ಅದುವರೆಗೆ ಹಾಕಿಕೊಂಡಿರಲಿಲ್ಲ. ಅತ್ತಿಗೆ ಮೂರು ತಿಂಗಳು ಖಾತೆ ಮುಟ್ಟದಿದ್ದರೆ, ಮೊದಲು ಅವರಿಗೇ ಎಚ್ಚರಿಕೆ ಹೋಗಿ, ಆಮೇಲೆ ಮಗಳಿಗೆ ಸೂಚನೆ ಬರುತ್ತದೆ; ಫೋಟೋ ಇಳಿಸಿಕೊಳ್ಳಬಹುದು. ಆಪಲ್ ಫೋನಿನವರಿಗೆ ಇಂಥದ್ದೇ 'ಲೆಗಸಿ ಕಾಂಟ್ಯಾಕ್ಟ್' ಇದೆ, ಐದು ಜನರವರೆಗೆ ಹೆಸರಿಸಬಹುದು.

ಉಯಿಲು ಬರೆದರು. ಮೊಬೈಲಿನಲ್ಲೇ ಬರೆದಿಟ್ಟರೆ ಆಗದಾ ಎಂದು ಕೇಳಿದ್ದರು. ಆಗದು. ಮಾಹಿತಿ ತಂತ್ರಜ್ಞಾನ ಕಾಯಿದೆ ಉಯಿಲನ್ನು ತನ್ನಿಂದ ಹೊರಗಿಟ್ಟಿದೆ. ಕಾಗದ, ಸಹಿ, ಇಬ್ಬರು ಸಾಕ್ಷಿಗಳು ಬೇಕೇ ಬೇಕು. ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಅದರಲ್ಲಿ ಪಾಸ್‌ವರ್ಡ್ ಬರೆಯಲು ಮಾತ್ರ ಬಿಡಲಿಲ್ಲ. ನೋಂದಾಯಿಸಿದ ಉಯಿಲಿನ ನಕಲನ್ನು ಬರೆದವರು ತೀರಿದ ಮೇಲೆ ಯಾರು ಅರ್ಜಿ ಹಾಕಿದರೂ ಪಡೆಯಬಹುದು.

ಮೊನ್ನೆ ಅಪ್ಪೆಮಿಡಿ ಒಯ್ಯಲು ಹೋದಾಗ ಮಗಳು ತನ್ನದೇ ಬೇರೆ ಪುಸ್ತಕ ತೋರಿಸಿದಳು. ಪುಟದ ತುಂಬ ಒಂಬತ್ತೊಂಬತ್ತು ಚುಕ್ಕಿಯ ಚೌಕ, ಪ್ರತಿ ಚೌಕದಲ್ಲೂ ಒಂದೊಂದು ಗೆರೆ, ಕೆಳಗೆ ತಾರೀಕು, ಮೇಲೆ ಕೆಂಪು ಕಾಟು. ಫೋನನ್ನು ಭಾನುವಾರ ಚಾರ್ಜಿಗಿಟ್ಟು ಒಂದೇ ಒಂದು ಪ್ಯಾಟರ್ನು ಎಳೆದು ನೋಡುತ್ತಾಳಂತೆ. ತಪ್ಪಿದಷ್ಟೂ ಕಾಯಿಸುವ ಹೊತ್ತು ಹೆಚ್ಚುತ್ತದೆ, ಅದಕ್ಕೆ ವಾರಕ್ಕೊಂದೇ. ಒಂಬತ್ತು ಚುಕ್ಕಿಯಲ್ಲಿ 3,89,112 ಪ್ಯಾಟರ್ನು ಸಾಧ್ಯ ಎಂದು ಅವಳಿಗೆ ನನಗಿಂತ ಮೊದಲೇ ಗೊತ್ತಿತ್ತು.

"ಹಂಗಲ್ಲ ಅಪ್ಪಚ್ಚಿ, ಅಪ್ಪ ಎಡಗೈಯಲ್ಲಿ ಎಳೀತಿದ್ದ. ಅಂದ್ರೆ ಬಲಗಡೆಯಿಂದ ಶುರುವಾಗ್ತು. ಅರ್ಧಕ್ಕರ್ಧ ಹೋತು."

ದೊಡ್ಡಾಯಿ ಪಕ್ಕದಲ್ಲಿ ಬತ್ತಿ ಹೊಸೆಯುತ್ತಾ ಪುಸ್ತಕದ ಕಡೆ ಬಗ್ಗಿದರು. "ಮೂರು ಚುಕ್ಕಿ ಮೂರು ಸಾಲು" ಎಂದು, ಒದ್ದೆ ಬೆರಳನ್ನು ನೆಲದ ಮೇಲೆ ಬಲದಿಂದ ಎಡಕ್ಕೆ ಎಳೆದು, ಕೆಳಗಿಳಿಸಿ, ಒಂದು ಗೆರೆ ತೋರಿಸಿದರು. ಮಗಳು ಅದನ್ನು ಮುಂದಿನ ಭಾನುವಾರದ ಚೌಕದಲ್ಲಿ ಬರೆದುಕೊಂಡಳು.